ಅಗ್ಗದ ಅಮೆರಿಕನ್ ಕಾರು ಎಲ್ಲಿ ಹೋಯ್ತು?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾರು ಮಾರುಕಟ್ಟೆ ಒಂದು ಗೆರೆ ದಾಟಿತು. ಕೆಲ್ಲಿ ಬ್ಲೂ ಬುಕ್ ಲೆಕ್ಕದ ಪ್ರಕಾರ, ಹೊಸ ಕಾರಿಗೆ ಅಲ್ಲಿನ ಜನ ಕೊಡುವ ಸರಾಸರಿ ಬೆಲೆ ಮೊದಲ ಸಲ 50 ಸಾವಿರ ಡಾಲರ್ ಮೀರಿತು. "ಡಾಲರ್‌ನಲ್ಲಿ ಸಂಬಳ ತಗೊಳೋರಿಗೆ ಅದೇನ್ ಮಹಾ?" ಅನ್ನಬೇಡಿ. ನ್ಯೂಯಾರ್ಕ್‌ನಂಥ ಕೆಲವು ನಗರ ಬಿಟ್ಟರೆ ಅಲ್ಲಿ ಕಾರಿಲ್ಲದೆ ಹಾಲು ತರೋದೂ ಕಷ್ಟ. ಕೈ ಅಡ್ಡ ಹಾಕಿದರೆ ನಿಲ್ಲೋ ಆಟೊ ಇಲ್ಲ, ಬಹಳ ಊರುಗಳಲ್ಲಿ ಬಸ್ಸೂ ಅಷ್ಟಕ್ಕಷ್ಟೆ. ಅಲ್ಲಿ ಕಾರು ಷೋಕಿಯಲ್ಲ, ಕೆಲಸಕ್ಕೆ ಹೋಗಲು ಬೇಕೇ ಬೇಕಾದ ವಸ್ತು. ಅದೇ ಕೈಗೆಟುಕದಿದ್ದರೆ ಹೇಗೆ?

ಅಮೆರಿಕನ್ ಕಾರುಗಳ ಹುಚ್ಚು ನನಗೆ ಮೊದಲಿಂದಲೂ ಇದೆ. ಆ ಹುಚ್ಚಿನಿಂದಲೇ ಹೇಳ್ತೀನಿ: ಒಳ್ಳೆ ಕಾರು ಮಾಡೋದು ಇವರಿಗೆ ಚೆನ್ನಾಗಿ ಗೊತ್ತು. ಕಡಿಮೆ ಬೆಲೆಗೆ ಮಾಡೋ ಮನಸ್ಸು ಮಾತ್ರ ಹೊರಟುಹೋಗಿದೆ.

ಮಸ್ಟ್ಯಾಂಗ್ ಕಲಿಸಿದ ಪಾಠ

1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಫೋರ್ಡ್ ಕಂಪನಿ ಮಸ್ಟ್ಯಾಂಗ್ ತೋರಿಸಿತು. ಬೆಲೆ 2,368 ಡಾಲರ್. ಅಡಿಯಲ್ಲಿದ್ದದ್ದು ಫಾಲ್ಕನ್ ಅನ್ನೋ ಸಾಧಾರಣ ಕಾರಿನ ಭಾಗಗಳೇ. ಮೇಲಿನ ರೂಪ ಮಾತ್ರ ಬೇರೆ. ಮೊದಲ ಒಂದು ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಕಾರು ಹೋದವು. ಆ ಬೆಲೆ ಇವತ್ತಿನ ಲೆಕ್ಕಕ್ಕೆ ಸುಮಾರು 24 ಸಾವಿರ ಡಾಲರ್. ಈಗಿನ ಮಸ್ಟ್ಯಾಂಗ್ ಶುರುವಾಗೋದೇ 30 ಸಾವಿರದ ಮೇಲೆ. ಎಂಜಿನ್, ಸುರಕ್ಷತೆ ಎಲ್ಲ ಆಗಿನದಕ್ಕಿಂತ ಎಷ್ಟೋ ಮೇಲು, ಒಪ್ಪೋಣ. ಆದರೆ ಆಗ ಅದು ಮೊದಲ ಸಂಬಳದ ಹುಡುಗ ಹುಡುಗಿಯರ ಕನಸಾಗಿತ್ತು. ಈಗ ಅವರಪ್ಪನ ಕನಸು.

ಸೆಡಾನ್‌ಗಳಿಗೆ ಬಾಗಿಲು ಹಾಕಿದರು

ಮಸ್ಟ್ಯಾಂಗ್ ಉಳಿಸಿಕೊಂಡು ಸೆಡಾನ್‌ಗಳನ್ನು ಅಮೆರಿಕದಲ್ಲಿ ನಿಲ್ಲಿಸ್ತೀವಿ ಅಂತ ಫೋರ್ಡ್ 2018ರಲ್ಲಿ ಹೇಳಿತು. ಫಿಯೆಸ್ಟಾ, ಫೋಕಸ್, ಟಾರಸ್, ಫ್ಯೂಷನ್ ಒಂದೊಂದಾಗಿ ಹೋದವು. ಶೆವ್ರೊಲೆಯಲ್ಲಿ ಕ್ರೂಜ್, ಇಂಪಾಲಾ ಆದಮೇಲೆ 2024ರ ನವೆಂಬರ್‌ನಲ್ಲಿ ಮಾಲಿಬು ಸರದಿ ಬಂತು.

ಜನ ಎಸ್‌ಯುವಿ ಕೇಳ್ತಾರೆ ಅನ್ನೋದು ಕಂಪನಿಗಳ ಮಾತು. ಅದು ಅರ್ಧ ಸತ್ಯ. ದೊಡ್ಡ ಪಿಕಪ್‌ನಲ್ಲಿ ಸಿಗುವ ಲಾಭ ಸಣ್ಣ ಸೆಡಾನ್‌ನಲ್ಲಿ ಇಲ್ಲ. ಇಂಧನ ಉಳಿತಾಯದ ನಿಯಮಗಳೂ ಟ್ರಕ್ ಅನ್ನಿಸಿಕೊಂಡ ಗಾಡಿಗೆ ಸಡಿಲವಾಗಿಯೇ ಇದ್ದವು. ಇದರ ಜೊತೆ ಒಂದು ತಮಾಷೆ ಕಥೆ ಇದೆ. ಅಮೆರಿಕದ ಕೋಳಿಮಾಂಸಕ್ಕೆ ಯುರೋಪ್ ಸುಂಕ ಹಾಕಿತು ಅಂತ, ಅಮೆರಿಕ 1960ರ ದಶಕದಲ್ಲಿ ಆಮದಾಗುವ ಸಣ್ಣ ಟ್ರಕ್‌ಗಳ ಮೇಲೆ ಶೇ 25 ಸುಂಕ ಹೇರಿತು. ಕೋಳಿ ಜಗಳ ಎಂದೋ ಮುಗೀತು, ಸುಂಕ ಹಾಗೇ ಉಳೀತು. ಪೈಪೋಟಿಯ ಕಾಟವಿಲ್ಲದ ಪಿಕಪ್‌ಗಳು ಉಬ್ಬುತ್ತಾ ಹೋದವು.

ಗೆದ್ದವರು, ಮಾತು ತಪ್ಪಿದವರು

ಕಡಿಮೆ ಬೆಲೆಗೆ ಕೊಟ್ಟರೆ ಜನ ಕೊಳ್ಳಲ್ವಾ? ಫೋರ್ಡ್ ಮ್ಯಾವರಿಕ್ ನೋಡಿ. 2022ರ ಮಾಡೆಲ್ ಆಗಿ ಬಂದ ಈ ಪುಟ್ಟ ಪಿಕಪ್ 19,995 ಡಾಲರ್‌ಗೆ ಶುರುವಾಯ್ತು, ಅದೂ ಹೈಬ್ರಿಡ್ ಎಂಜಿನ್ ಸಮೇತ. ನಮ್ಮವರ ಮೊದಲ ಪ್ರಶ್ನೆ "ಎಷ್ಟು ಕೊಡುತ್ತೆ?" ಅಲ್ವಾ, ಸಿಟಿಯಲ್ಲಿ ಲೀಟರಿಗೆ ಸುಮಾರು 18 ಕಿಲೋಮೀಟರ್. ಬೇಡಿಕೆ ತಡೆಯಲಾಗದೆ ಕಂಪನಿ ಕೆಲವೇ ತಿಂಗಳಲ್ಲಿ ಆ ವರ್ಷದ ಬುಕಿಂಗ್ ನಿಲ್ಲಿಸಬೇಕಾಯ್ತು. ಆಮೇಲೆ? 2025ರ ಮಾಡೆಲ್ ಹೊತ್ತಿಗೆ ಬೆಲೆ 26 ಸಾವಿರ ದಾಟಿತು. ಗಾಡಿ ಅದೇ, ಮುಖ ಒಂಚೂರು ತಿದ್ದಿದ್ದು.

ನನ್ನ ಮೆಚ್ಚಿನ ಮರುವಿನ್ಯಾಸ ಶೆವ್ರೊಲೆ ಟ್ರ್ಯಾಕ್ಸ್. ಹಳೆಯದು ಇಕ್ಕಟ್ಟು, ನೋಡೋಕೂ ಸಪ್ಪೆ. 2024ರ ಮಾಡೆಲ್ ಉದ್ದವಾಯ್ತು, ಒಳಗೆ ಜಾಗ ಬಂತು, ಸಾಗಣೆ ಖರ್ಚೂ ಸೇರಿ 21,495 ಡಾಲರ್‌ಗೆ ಸಿಕ್ಕಿತು. ಇದು ತಯಾರಾಗೋದು ದಕ್ಷಿಣ ಕೊರಿಯಾದಲ್ಲಿ, ಮ್ಯಾವರಿಕ್ ಮೆಕ್ಸಿಕೊದಲ್ಲಿ. ಅಂದರೆ ಅಗ್ಗದ "ಅಮೆರಿಕನ್" ಗಾಡಿಗಳು ಅಮೆರಿಕದವೇ ಅಲ್ಲ! ಹಾಗಾಗಿ 2025ರ ಏಪ್ರಿಲ್‌ನಲ್ಲಿ ಬಂದ ಆಮದು ಕಾರು ಸುಂಕದ ಬಿಸಿ ತಟ್ಟೋದೂ ಇಂಥ ಅಗ್ಗದ ಗಾಡಿಗಳಿಗೇ.

ಮಾತು ತಪ್ಪಿದ್ದು ಟೆಸ್ಲಾ ಸೈಬರ್‌ಟ್ರಕ್. 2019ರಲ್ಲಿ ತೋರಿಸಿದಾಗ 39,900 ಡಾಲರ್‌ನಿಂದ ಶುರು ಅಂದರು. 2023ರ ಕೊನೆಗೆ ಬಂದಾಗ ಕನಿಷ್ಠ ಬೆಲೆ 60,990. ಆಕಾರದ ಬಗ್ಗೆ ಜಗಳ ಬೇಡ, ಬೆಲೆಗಾದರೂ ನಾಚಿಕೆ ಬೇಡವಾ?

ರೂಪ ಬದಲಿಸುವ ಧೈರ್ಯ ನೋಡಬೇಕಂದ್ರೆ ಕಾರ್ವೆಟ್. 1953ರಿಂದ ಮುಂದೆ ಇದ್ದ ಎಂಜಿನ್ನನ್ನು 2020ರ ಮಾಡೆಲ್‌ನಲ್ಲಿ ಸೀಟಿನ ಹಿಂದಕ್ಕೆ ತಂದರು. ಇಟಲಿಯ ಕಾರುಗಳ ಗತ್ತು, ಬೆಲೆ 59,995. ಈಗ ಅದೂ 70 ಸಾವಿರದ ಆಸುಪಾಸಿಗೆ ಬಂದಿದೆ, ಆದರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಡಾಡ್ಜ್ ಚಾರ್ಜರ್ ಇದಕ್ಕೆ ಉಲ್ಟಾ. ವಿ8 ಎಂಜಿನ್ನಿನ ಗುಡುಗಿಗೇ ಜನ ಅದನ್ನು ಕೊಳ್ತಾ ಇದ್ದರು. 2023ರ ಕೊನೆಗೆ ಅದನ್ನು ನಿಲ್ಲಿಸಿ, ಆಮೇಲೆ ಸ್ಪೀಕರ್‌ನಿಂದ ಗುಡುಗೋ ಎಲೆಕ್ಟ್ರಿಕ್ ಚಾರ್ಜರ್ ತಂದರು. ಎಲೆಕ್ಟ್ರಿಕ್ ಆಗಿದ್ದು ತಪ್ಪಲ್ಲ, ಕೊಳ್ಳುವವರು ಯಾರು ಅನ್ನೋದನ್ನೇ ಮರೆತದ್ದು ತಪ್ಪು.

ಬೆಲೆ ಚೀಟಿ ಓದೋದು ಹೇಗೆ?

ಓದೋಕೆ, ಕೆಲಸಕ್ಕೆ ಅಂತ ಅಲ್ಲಿಗೆ ಹೋಗುವವರು ಇಷ್ಟು ತಿಳಿದಿರಲಿ. 1958ರ ಕಾನೂನಿನ ಪ್ರಕಾರ ಪ್ರತಿ ಹೊಸ ಕಾರಿನ ಗಾಜಿಗೂ ಬೆಲೆ ಚೀಟಿ ಅಂಟಿಸಲೇಬೇಕು. ಜಾಹೀರಾತಿನ ದೊಡ್ಡ ಅಕ್ಷರದ ಬೆಲೆ ನಮ್ಮ ಎಕ್ಸ್ ಶೋರೂಮ್ ಇದ್ದ ಹಾಗೆ. ಸಾಗಣೆ ಖರ್ಚು ಅದರಲ್ಲಿ ಸೇರಿರೋದು ಅಪರೂಪ, ಅದೊಂದೇ ಸಾವಿರ ಡಾಲರ್‌ಗಿಂತ ಮೇಲೆ. ರಾಜ್ಯದ ತೆರಿಗೆ, ನೋಂದಣಿ ಬೇರೆ. ಬೇಡಿಕೆಯ ಕಾರಾದರೆ ಡೀಲರ್ ತನ್ನದೂ ಒಂದಿಷ್ಟು ಸೇರಿಸಬಹುದು. ಹಾಗಾಗಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಎಲ್ಲ ಸೇರಿ ಕೀ ಕೈಗೆ ಬರೋ ಬೆಲೆ ಎಷ್ಟು? ತಿಂಗಳ ಕಂತಿನ ಮಾತು ಆಮೇಲೆ.

ದೊಡ್ಡ ಪರದೆ, ಹೊಳೆಯೋ ಲೈಟು ಯಾರು ಬೇಕಾದರೂ ಹಾಕ್ತಾರೆ. 25 ಸಾವಿರದ ಒಳಗೆ ಮರ್ಯಾದೆಯ ಕಾರು ಕೊಡೋದೇ ನಿಜವಾದ ಎಂಜಿನಿಯರಿಂಗ್. ಮ್ಯಾವರಿಕ್ ಬಂದ ಮೊದಲ ವರ್ಷದಲ್ಲೇ ಜನ ಸಾಲುಗಟ್ಟಿ ಅದನ್ನು ಹೇಳಿದರು. ಡೆಟ್ರಾಯಿಟ್‌ಗೆ ಕೇಳಿಸಿದೆಯಾ ಅನ್ನೋದಷ್ಟೇ ಪ್ರಶ್ನೆ.