ಅರುಣಾ ಸಿಸ್ಟರ್ ಬೆನ್ನಿಗೆ ಒಂದೂ ಹುಣ್ಣಾಗಲಿಲ್ಲ

ಲಕ್ವಾ ಹೊಡೆದು ಮಳೆಗಾಲದಿಂದ ಹಾಸಿಗೆ ಹಿಡಿದಿರುವ ಗೆಳೆಯನ ತಾಯಿಯನ್ನು ಮಾತಾಡಿಸಲು ಈಚೆಗೆ ಗಲಗಲಿಗೆ ಹೋಗಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಹಿಂದೆ ಸಾಗಿ ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಪಡಸಾಲೆಯ ಮಂಚದ ಪಕ್ಕ ಬಿಳಿಗೂದಲಿನ ಹೆಣ್ಣುಮಗಳೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಊರಿಗೆಲ್ಲ ಅವರು ‘ನರ್ಸಬಾಯಿ’. ಮಿರಜಿನಲ್ಲಿ ನರ್ಸಿಂಗ್ ಕಲಿತು, ಸರ್ಕಾರಿ ದವಾಖಾನೆಗಳಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಊರಿಗೆ ಬಂದು ನೆಲೆಸಿದವರು. ಯಾರ ಮನೆಯಲ್ಲಿ ಯಾರು ಮಲಗಿದರೂ ಕರೆ ಇವರಿಗೇ ಬರುತ್ತದೆ.

ನನ್ನನ್ನು ನೋಡಿ ತಲೆಯಾಡಿಸಿದರೇ ಹೊರತು ಕೆಲಸ ನಿಲ್ಲಿಸಲಿಲ್ಲ. ಸೊಸೆಯನ್ನು ಎದುರಿಗೆ ನಿಲ್ಲಿಸಿಕೊಂಡು ಕಲಿಸುತ್ತಿದ್ದರು. ಮೊದಲು ಮುದುಕಿಯ ಬಲಗೈಯನ್ನು ಎದೆಯ ಮೇಲೆ ತಂದಿಟ್ಟರು. ಬಲ ಮೊಣಕಾಲು ಮಡಿಸಿದರು. ಒಂದು ಕೈ ಭುಜದ ಹಿಂದೆ, ಇನ್ನೊಂದು ಕೈ ಚಪ್ಪೆಯ ಹಿಂದೆ. ಎಳೆಯಲಿಲ್ಲ, ಜಗ್ಗಲಿಲ್ಲ; ಇಡೀ ಮೈ ಒಂದೇ ಸಲಕ್ಕೆ ಎಡಕ್ಕೆ ಹೊರಳಿತು. ಬೆನ್ನ ಹಿಂದೆ ಮಡಿಸಿದ ಕೌದಿ ಕೊಟ್ಟು ಓರೆಯಾಗಿ ನಿಲ್ಲಿಸಿದರು. ಎರಡು ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಷ್ಟು ಎತ್ತರಕ್ಕೆ. ಆಮೇಲೆ ಕುಪ್ಪಸ ಸರಿಸಿ ಬೆನ್ನು, ಸೊಂಟ, ಟೊಂಕದ ಎಲುಬಿನ ಮೇಲೆಲ್ಲ ಕಣ್ಣಾಡಿಸಿದರು. ಒಂದು ಕಡೆ ಕೆಂಪಗಾಗಿತ್ತು. ಅದರ ಮೇಲೆ ಬೆರಳೊತ್ತಿ ತೆಗೆದರು. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾಯಿತು. “ಇನ್ನೂ ಜೀವ ಐತಿ. ಒತ್ತಿದರೂ ಬೆಳ್ಳಗಾಗಲಿಲ್ಲಂದ್ರ ಒಳಗ ಹುಣ್ಣ ಸುರು ಆಗೇತಿ ಅಂತ ತಿಳಕೋಬೇಕವಾ” ಅಂದರು.

ಸೊಸೆ ಬೆವರು ಒರೆಸಿಕೊಂಡು ಕೇಳಿದಳು: “ಎರಡೆರಡ ತಾಸಿಗೊಮ್ಮೆ ಅಂದ್ರ ಹ್ಯಾಂಗ ಆಕ್ಕೈತ್ರಿ ಅಕ್ಕಾರ? ರಾತ್ರಿನೂ?”

“ರಾತ್ರಿನೂ. ಮುಂಬೈದಾಗ ನಲವತ್ತ ವರ್ಷ ಮಾಡ್ಯಾರ. ಅರುಣಾ ಸಿಸ್ಟರ್ ಬೆನ್ನಿಗಿ ಒಂದೂ ಹುಣ್ಣ ಆಗಿದ್ದಿಲ್ಲ.”

ಗಲಗಲಿಯ ಪಡಸಾಲೆಯಲ್ಲಿ ಆ ಹೆಸರು ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಅರುಣಾ ಶಾನಭಾಗ ಎಂದರೆ ನಮ್ಮಲ್ಲಿ ಬಹುತೇಕರಿಗೆ ದಯಾಮರಣದ ಪ್ರಕರಣ, ಸುಪ್ರೀಂ ಕೋರ್ಟಿನ ತೀರ್ಪು, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾದ ಆ ಒಂದು ಹಳೆಯ ಫೋಟೊ. ನರ್ಸಬಾಯಿಯವರಿಗೆ ಹಾಗಲ್ಲ. ಒಮ್ಮೆಯೂ ಭೇಟಿಯಾಗದ ಆಕೆ ಇವರಿಗೆ ಸಹೋದ್ಯೋಗಿ, ತಮ್ಮ ಕಸುಬಿನ ಅತಿ ದೊಡ್ಡ ಪರೀಕ್ಷೆ ನಡೆದ ಜಾಗ. ಅವತ್ತಿನಿಂದ ಹಳೆಯ ಕತ್ತರಿಕೆಗಳನ್ನೂ ತೀರ್ಪನ್ನೂ ಇದೇ ಕಣ್ಣಿನಿಂದ ಓದುತ್ತಿದ್ದೇನೆ.

ಓದುಗರಿಗೆ ಮುಖ್ಯ ಸಂಗತಿ ಗೊತ್ತೇ ಇರುತ್ತದೆ, ಚುಟುಕಾಗಿ ಹೇಳುತ್ತೇನೆ. ಅರುಣಾ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ನಮ್ಮ ವಿಜಾಪುರ ಸೀಮೆಯ ಹಾಗೆ ಆ ಕಾರವಾರ ಸೀಮೆಯೂ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ನೌಕರಿ ಎಂದರೆ ಮುಂಬೈ ಎನ್ನುವ ರೂಢಿ ಎರಡೂ ಕಡೆ ಏಕೀಕರಣದ ನಂತರವೂ ಉಳಿಯಿತು. 1960ರ ದಶಕದಲ್ಲಿ ಹೀಗೆ ಹೋದ ಅರುಣಾ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದರು. 1926ರಲ್ಲಿ ಶುರುವಾದ, ಮುಂಬೈ ಮಹಾನಗರ ಪಾಲಿಕೆ ನಡೆಸುವ, ಬಡವರ ದೊಡ್ಡಾಸ್ಪತ್ರೆ ಅದು. ಅರುಣಾ ಕೆಲಸದಲ್ಲಿ ಚುರುಕು, ಶಿಸ್ತಿನಲ್ಲಿ ಬಿಗಿ. ಶಸ್ತ್ರಚಿಕಿತ್ಸೆಯ ಪ್ರಯೋಗಗಳಿಗೆ ನಾಯಿಗಳನ್ನು ಇಟ್ಟುಕೊಂಡಿದ್ದ ವಿಭಾಗದಲ್ಲಿ ಅವರ ಕೆಲಸ ಇತ್ತು. ಆ ಮೂಕಪ್ರಾಣಿಗಳ ಪಾಲಿನ ಆಹಾರ ಕದಿಯುತ್ತಿದ್ದ ನೌಕರನೊಬ್ಬನನ್ನು ತರಾಟೆಗೆ ತೆಗೆದುಕೊಂಡಿದ್ದರು. 1973ರ ನವೆಂಬರ್ 27ರ ಸಂಜೆ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋದಾಗ ಅವನು ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ದಾಳಿ ಮಾಡಿದ. ಮಾರನೆಯ ಬೆಳಿಗ್ಗೆಯವರೆಗೆ ಯಾರೂ ನೋಡಲಿಲ್ಲ. ಮಿದುಳಿಗೆ ಆಮ್ಲಜನಕ ನಿಂತುಹೋಗಿತ್ತು. ದೃಷ್ಟಿ ಹೋಯಿತು, ಮಾತು ಹೋಯಿತು, ನಡಿಗೆ ಹೋಯಿತು. ಆಸ್ಪತ್ರೆಯ ವೈದ್ಯರೊಬ್ಬರೊಂದಿಗೆ ಮದುವೆ ನಿಶ್ಚಯವಾಗಿದ್ದ 25ರ ಹುಡುಗಿ.

ದಾಳಿ ಮಾಡಿದವನ ಹೆಸರು ಈ ಲೇಖನಕ್ಕೆ ಬೇಡ. ಹಲ್ಲೆ, ದರೋಡೆಗೆಂದು ಅವನಿಗೆ ಏಳು ವರ್ಷ ಶಿಕ್ಷೆಯಾಯಿತು. ಲೈಂಗಿಕ ದೌರ್ಜನ್ಯದ ಪ್ರಕರಣ ದಾಖಲಾಗಲೇ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವನು ಶಿಕ್ಷೆ ಮುಗಿಸಿ ಹೊರಗೆ ಬಂದ ಮೇಲೂ ಅರುಣಾ ದಶಕಗಳ ಕಾಲ ನಾಲ್ಕನೇ ವಾರ್ಡಿಗೆ ಹೊಂದಿಕೊಂಡ ಚಿಕ್ಕ ಕೋಣೆಯಲ್ಲೇ ಇದ್ದರು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಜೂನ್ 1 ಅವರ ಹುಟ್ಟುಹಬ್ಬ. ಪ್ರತಿ ವರ್ಷ ಅದನ್ನು ಆಚರಿಸುತ್ತಿದ್ದವರು ನರ್ಸುಗಳು.

ಈಗ ನನ್ನ ತಲೆ ಹೊಕ್ಕ ವಿಷಯಕ್ಕೆ ಬರುತ್ತೇನೆ, ಅಂದರೆ ಬೆನ್ನಿಗೆ. 2011ರ ತೀರ್ಪಿನಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ ಕೆಇಎಂ ಸಿಬ್ಬಂದಿಯನ್ನು ಮನಸಾರೆ ಹೊಗಳುತ್ತದೆ. ಹೊಗಳಿಕೆಗೆ ಅದು ಕೊಡುವ ಪುರಾವೆ, ಅಷ್ಟೂ ವರ್ಷಗಳಲ್ಲಿ ಅರುಣಾಗೆ ಒಂದೇ ಒಂದು ಬೆಡ್‌ಸೋರ್ ಆಗಿರಲಿಲ್ಲ ಎಂಬುದು. ಓದುವಾಗ ಸಣ್ಣ ಮಾತು. ಮನೆಯಲ್ಲಿ ಯಾರಾದರೂ ಮೂರು ತಿಂಗಳು ಮಲಗಿದ್ದನ್ನು ಕಂಡವರಿಗೆ ಮಾತ್ರ ಅದರ ತೂಕ ಗೊತ್ತು.

ನರ್ಸಬಾಯಿಯವರು ಅಂದು ಚಹಾ ಕುಡಿಯುತ್ತ ನನಗೆ ತಿಳಿಸಿದ್ದು ಹೀಗೆ. ನಾವು ನಿದ್ದೆಯಲ್ಲೂ ಹೊರಳುತ್ತೇವೆ. ಒಂದೇ ಕಡೆ ಮೈಭಾರ ಬಿದ್ದರೆ ದೇಹವೇ ನಮ್ಮನ್ನು ಸರಿಸುತ್ತದೆ. ಹೊರಳಲಾರದವರ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮದ ಸಣ್ಣ ರಕ್ತನಾಳಗಳು ಒತ್ತಿ ಮುಚ್ಚಿಹೋಗುತ್ತವೆ. ರಕ್ತ ಹೋಗದ ಜಾಗ ಸಾಯುತ್ತದೆ. ಟೊಂಕದ ಕೆಳಗಿನ ಎಲುಬು, ಚಪ್ಪೆ, ಹಿಮ್ಮಡಿ, ಮೊಣಕೈ, ಭುಜದ ಹಲಗೆ, ತಲೆಯ ಹಿಂಭಾಗ ಮೊದಲು ಪೆಟ್ಟು ತಿನ್ನುವ ಜಾಗಗಳು. ಮೂತ್ರದ ತೇವ ಚರ್ಮವನ್ನು ಮೆತ್ತಗಾಗಿಸುತ್ತದೆ. ಹಾಸಿಗೆ ಬಟ್ಟೆಯ ಒಂದು ಸುಕ್ಕು, ಊಟದ ಒಂದು ಅಗುಳು ಸಾಕು. ರೋಗಿಯನ್ನು ಎತ್ತದೆ ದರದರ ಎಳೆದರೆ ಮೇಲಿನ ಚರ್ಮ ಹಾಸಿಗೆಗೆ ಅಂಟಿ ಒಳಗಿನ ಪದರ ಸರಿದು ಹರಿಯುತ್ತದೆ. ಹೊರಗೆ ರೂಪಾಯಿಯಗಲದ ಗಾಯ ಕಂಡರೆ ಒಳಗೆ ಅಂಗೈಯಗಲದ ಗುಹೆ ಇರಬಹುದು. ಸೋಂಕು ರಕ್ತಕ್ಕಿಳಿದರೆ ಜೀವವೇ ಹೋಗುತ್ತದೆ. ಇದು ಬಹಳ ಸಲ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬುದು 19ನೇ ಶತಮಾನದಲ್ಲೇ ಫ್ಲಾರೆನ್ಸ್ ನೈಟಿಂಗೇಲ್ ಅವರ ನಿಲುವಾಗಿತ್ತು.

ಎರಡು ತಾಸಿಗೊಮ್ಮೆ ಹೊರಳಿಸುವುದು ಎಂದರೆ ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. ಕಸುಬಿನ ಈ ನಿಯಮದ ಪ್ರಕಾರ 1973ರ ಆ ರಾತ್ರಿಯಿಂದ 2015ರ ಮೇ ತನಕ ಲೆಕ್ಕ ಹಾಕಿದರೆ 1,80,000 ದಾಟುತ್ತದೆ. ಇದನ್ನು ಒಬ್ಬರು ಮಾಡಲು ಸಾಧ್ಯವಿಲ್ಲ, ಒಂದು ತಲೆಮಾರಿನಿಂದಲೂ ಆಗುವುದಿಲ್ಲ. ಅರುಣಾ ಜೊತೆ ಕೆಲಸ ಮಾಡಿದವರು ನಿವೃತ್ತರಾದರು. ಅವರಿಂದ ಕಲಿತವರೂ ನಿವೃತ್ತರಾದರು. ಅರುಣಾ ಮೇಲೆ ದಾಳಿ ನಡೆದಾಗ ಹುಟ್ಟೇ ಇರದಿದ್ದ ಹುಡುಗಿಯರು ಕೊನೆಗೆ ಅವರ ಮೈ ಒರೆಸುತ್ತಿದ್ದರು. ಹೊಸ ವಿದ್ಯಾರ್ಥಿನಿಯರ ತಂಡ ಬಂದಾಗಲೆಲ್ಲ ಆ ಕೋಣೆಗೆ ಕರೆದೊಯ್ದು, ಇವರು ನಮ್ಮವರೇ, ಒಳ್ಳೆಯ, ದಕ್ಷ ಸ್ಟಾಫ್ ನರ್ಸ್ ಆಗಿದ್ದವರು ಎಂದು ಪರಿಚಯಿಸುವ ಪದ್ಧತಿ ಇತ್ತೆಂದು ತೀರ್ಪಿನಲ್ಲೇ ಬರುತ್ತದೆ. ನನಗೆ ಇಡೀ ತೀರ್ಪಿನಲ್ಲಿ ಅತಿ ಹೆಚ್ಚು ಹಿಡಿಸಿದ ಸಾಲು ಅದು. ಮಾತಾಡಲಾರದ, ಎದ್ದೇಳಲಾರದ ಆಕೆ ಕೆಇಎಂ ಲೆಕ್ಕದಲ್ಲಿ ಕೊನೆಯವರೆಗೂ ನರ್ಸೇ.

ಊಟದ ಸಂಗತಿಯೂ ಇದೆ. 2010ರಲ್ಲಿ ಮಲೇರಿಯಾ ಬಂದು ಮೂಗಿನ ನಳಿಕೆಯಿಂದ ಆಹಾರ ಕೊಡಬೇಕಾಗುವವರೆಗೂ ಅರುಣಾಗೆ ಬಾಯಿಯಿಂದಲೇ ಉಣಿಸುತ್ತಿದ್ದರು. ನುಂಗುವ ಶಕ್ತಿ ಕುಂದಿದವರಿಗೆ ಉಣಿಸುವುದು ಹೊರಳಿಸುವುದಕ್ಕಿಂತ ನಾಜೂಕಿನ ಕೆಲಸ. ಒಂದು ತುತ್ತು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಮೀನೆಂದರೆ ಇಷ್ಟವೆಂದು ಆರೈಕೆ ಮಾಡುವವರು ಮುಖ ನೋಡಿಯೇ ಕಂಡುಕೊಂಡಿದ್ದರು. ಹೊನ್ನಾವರದ ಕಡಲ ತಡಿಯ ಹುಡುಗಿಗೆ ಪರೇಲಿನ ವಾರ್ಡಿನಲ್ಲಿ ಮೀನು ರುಚಿಸಿತು ಎಂದು ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಇದೆಲ್ಲ ಸುಲಭಕ್ಕೆ ನಡೆದದ್ದಲ್ಲ. ದಾಳಿಯ ಬೆನ್ನಲ್ಲೇ ಮುಂಬೈಯ ನರ್ಸುಗಳು ಅರುಣಾಗೂ ತಮಗೂ ರಕ್ಷಣೆ ಬೇಕೆಂದು ಮುಷ್ಕರ ಹೂಡಿದರು. 1980ರ ದಶಕದಲ್ಲಿ ಪಾಲಿಕೆ ಎರಡು ಸಲ ಆಕೆಯನ್ನು ಕೆಇಎಂನಿಂದ ಬೇರೆಡೆಗೆ ಸಾಗಿಸಲು ಹೊರಟಾಗಲೂ ಇವರೇ ಬೀದಿಗಿಳಿದು ತಡೆದರು. ಆದ್ದರಿಂದ ತ್ಯಾಗಮಯಿ, ದೇವತೆ ಎಂದು ನರ್ಸುಗಳನ್ನು ಕರೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಇಲ್ಲಿದ್ದದ್ದು ಕಲಿತ ವಿದ್ಯೆ, ಪಾಳಿಯ ಶಿಸ್ತು, ತಮ್ಮವಳನ್ನು ಬಿಟ್ಟುಕೊಡದ ಸಂಘಟನೆ.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿ ಅರುಣಾಗೆ ಬಿಡುಗಡೆ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಅವರ ಕಾಳಜಿಯೂ ನಿಜವೇ. ಅರುಣಾ ಕಥೆಯನ್ನು ಪುಸ್ತಕ ಮಾಡಿ ದೇಶಕ್ಕೆ ತಿಳಿಸಿದವರು ಅವರು. ಕೋರ್ಟು ಮೂವರು ವೈದ್ಯರನ್ನು ಕಳಿಸಿ ಪರೀಕ್ಷಿಸಿತು. 2011ರ ಮಾರ್ಚ್ 7ರಂದು ಅರ್ಜಿ ತಳ್ಳಿಹಾಕಿತು. ಆದರೆ ಹೈಕೋರ್ಟಿನ ಒಪ್ಪಿಗೆಯೊಂದಿಗೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಲು ದೇಶದಲ್ಲಿ ಮೊದಲ ಬಾರಿಗೆ ದಾರಿ ತೆರೆದದ್ದೂ ಅದೇ ತೀರ್ಪು. ಅರುಣಾ ಪರವಾಗಿ ನಿರ್ಧರಿಸುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಕೋರ್ಟಿನ ಉತ್ತರ, ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಯದು ಎಂದು. ಅದು ಸರಿಯಾದ ತೀರ್ಪೆಂದೇ ನಾನು ನಂಬುತ್ತೇನೆ. ಅಂದು ವಾರ್ಡಿನಲ್ಲಿ ನರ್ಸುಗಳು ಸಿಹಿ ಹಂಚಿದರು. 2018ರ ಮಾರ್ಚ್ 9ರಂದು ಸಂವಿಧಾನ ಪೀಠ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿಯಿತು. 2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಕೆಲಸದ ಜಾಗದ ಸುರಕ್ಷತೆಯ ಮಾತೂ ಮುಗಿದಿಲ್ಲ. 2024ರಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಹತ್ಯೆಯ ವಿಚಾರಣೆ ನಡೆದಾಗ ಸುಪ್ರೀಂ ಕೋರ್ಟು ಮತ್ತೆ ಅರುಣಾ ಹೆಸರನ್ನು ನೆನೆಯಿತು. ಐವತ್ತು ವರ್ಷ ಕಳೆದರೂ ಡ್ಯೂಟಿಯಲ್ಲಿರುವ ಹೆಣ್ಣಿಗೆ ಬಟ್ಟೆ ಬದಲಿಸಲು, ತುಸು ಹೊತ್ತು ಒರಗಲು ಸುರಕ್ಷಿತ ಕೋಣೆ ಬೇಕೆಂಬುದು ಬೇಡಿಕೆಯಾಗಿಯೇ ಉಳಿದಿದೆ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅವರ ಬೆನ್ನನ್ನು ಇವತ್ತೇ ನೋಡಿ. ಕೆಂಪಾದ ಜಾಗವನ್ನು ಉಜ್ಜಬೇಡಿ, ಗಾಳಿ ತುಂಬಿದ ಉಂಗುರದ ದಿಂಬು ಕೊಡಬೇಡಿ. ಗಾಳಿ ಹಾಸಿಗೆ ಇದ್ದರೂ ಹೊರಳಿಸುವುದು ತಪ್ಪುವುದಿಲ್ಲ. ನಿಮ್ಮೂರ ದವಾಖಾನೆಯ ಸಿಸ್ಟರನ್ನು ಕರೆಸಿ, ಹೊರಳಿಸುವುದನ್ನು ಮನೆಯ ಗಂಡಸರೂ ಕಲಿಯಲಿ. ಬಾಗಲಕೋಟೆ, ವಿಜಯಪುರದ ನರ್ಸಿಂಗ್ ಕಾಲೇಜುಗಳಲ್ಲಿ ನನ್ನದೊಂದು ವಿನಂತಿ. ಮೇ 12ರಂದು ನೈಟಿಂಗೇಲ್ ಹೆಸರಿನಲ್ಲಿ ದೀಪ ಹಚ್ಚುತ್ತೀರಿ. ಆರು ದಿನ ಬಿಟ್ಟು ಮೇ 18 ಬರುತ್ತದೆ. ಅಂದು ಒಂದು ತಾಸು ಹಳದೀಪುರದ ಅರುಣಾ ಶಾನಭಾಗರ ಬಗ್ಗೆ, ಅವರನ್ನು ನೋಡಿಕೊಂಡ ಕೆಇಎಂ ನರ್ಸುಗಳ ಬಗ್ಗೆ ಪಾಠ ಇಟ್ಟುಕೊಳ್ಳಿ.