ಗುರುತಿಟ್ಟ ಗ್ರಂಥಪಾಠದಲ್ಲಿ ಶಬ್ದಶೋಧನೆ: ಎಲ್‌ಎಕ್ಸ್‌ಎಂಎಲ್ ಎಂಬ ತಂತ್ರಾಂಶ ಭಂಡಾರದ ವಿಚಾರ

ಪ್ರಾಚೀನ ಕಾವ್ಯವೊಂದರಲ್ಲಿ ಇಂಥ ಶಬ್ದವು ಪ್ರಯೋಗವಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಯು ಅಲ್ಪವಾದುದಲ್ಲ. ಕರ್ತೃನಿರ್ಣಯ, ಕಾಲನಿರ್ಣಯ, ಪ್ರಕ್ಷೇಪವಿಚಾರ ಇವುಗಳಲ್ಲಿ ‘ಇಲ್ಲ’ ಎಂಬ ಉತ್ತರಕ್ಕೆ ‘ಇದೆ’ ಎಂಬುದರಷ್ಟೇ ಬೆಲೆಯುಂಟು. ಹಿಂದೆ ವಿದ್ವಾಂಸರು ಪದಸೂಚಿಗಳನ್ನು ಕೈಯಿಂದ ಸಿದ್ಧಪಡಿಸಿ, ವರ್ಷಗಟ್ಟಲೆ ಶ್ರಮಪಟ್ಟು, ಈ ಉತ್ತರವನ್ನು ಪಡೆಯುತ್ತಿದ್ದರು. ಈಗ ಗಣಕಯಂತ್ರವು ಅದನ್ನು ಕ್ಷಣಮಾತ್ರದಲ್ಲಿ ಕೊಡುತ್ತದೆ. ಆದರೆ ಯಂತ್ರವು ‘ಇಲ್ಲ’ ಎಂದಾಗ ಆ ಶಬ್ದವು ಗ್ರಂಥದಲ್ಲಿಯೇ ಇಲ್ಲವೋ, ಅಥವಾ ನಾವು ಕೇಳಿದ ರೀತಿಯೇ ತಪ್ಪೋ ಎಂಬುದನ್ನು ನಿರ್ಧರಿಸುವುದು ಹೇಗೆ? ಇದನ್ನು ಒಂದು ಪ್ರಸಿದ್ಧ ಸಾಧನದ ಮೂಲಕ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗ್ರಂಥಪಾಠದ ಅಂಗಗಳನ್ನು ಗಣಕಕ್ಕೆ ತಿಳಿಯುವಂತೆ ಗುರುತಿಸುವ ಕ್ರಮಗಳಲ್ಲಿ ಎಕ್ಸ್‌ಎಂಎಲ್ ಎಂಬುದು ಮುಖ್ಯವಾದುದು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು ಇದರ ನಿಯಮಗಳನ್ನು ೧೯೯೮ನೆಯ ಇಸವಿ ಫೆಬ್ರವರಿ ೧೦ರಂದು ಪ್ರಕಟಿಸಿತು. ಇದರಲ್ಲಿ ಪ್ರತಿಯೊಂದು ಭಾಗಕ್ಕೂ ಆದಿಯಲ್ಲಿಯೂ ಅಂತ್ಯದಲ್ಲಿಯೂ ಹೆಸರಿನ ಗುರುತು ಇರುವುದು. ಗ್ರಂಥದೊಳಗೆ ಸಂಧಿ, ಸಂಧಿಯೊಳಗೆ ಪದ್ಯ, ಪದ್ಯದೊಳಗೆ ಪಾದ ಎಂಬಂತೆ ಒಂದರೊಳಗೊಂದು ಅಡಗಿ, ಇಡೀ ಗ್ರಂಥವು ಒಂದು ವೃಕ್ಷದ ಆಕಾರವನ್ನು ತಾಳುವುದು. ಸಾಹಿತ್ಯಗ್ರಂಥಗಳಿಗೆ ತಕ್ಕ ಗುರುತುಗಳನ್ನು ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್ (ಟಿಇಐ) ಎಂಬ ವಿದ್ವತ್ಸಮೂಹವು ನಿರೂಪಿಸಿದೆ. ಈ ಕಾರ್ಯವು ೧೯೮೭ರಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ನಡೆದ ಸಭೆಯಿಂದ ಆರಂಭವಾಯಿತು.

ಈ ವೃಕ್ಷದಲ್ಲಿ ಬೇಕಾದ ಕೊಂಬೆಯನ್ನು ತಲಪುವ ಮಾರ್ಗವನ್ನು ಹೇಳುವ ಸಂಕ್ಷಿಪ್ತಭಾಷೆಯೇ ಎಕ್ಸ್‌ಪಾತ್. ಇದರ ಮೊದಲ ಆವೃತ್ತಿಯು ಜೇಮ್ಸ್ ಕ್ಲಾರ್ಕ್ ಮತ್ತು ಸ್ಟೀವ್ ಡಿರೋಸ್ ಎಂಬವರ ಸಂಪಾದಕತ್ವದಲ್ಲಿ ೧೯೯೯ರ ನವೆಂಬರಿನಲ್ಲಿ ಹೊರಬಂದಿತು. ಪೈಥಾನ್ ಭಾಷೆಯಲ್ಲಿ ಕ್ರಮವಿಧಿ ಬರೆಯುವವರು ಈ ಮಾರ್ಗಗಳನ್ನು ಪ್ರಯೋಗಿಸಲು ಎಲ್‌ಎಕ್ಸ್‌ಎಂಎಲ್ ಎಂಬ ಭಂಡಾರವನ್ನು ಆಶ್ರಯಿಸುವರು. ಡೇನಿಯಲ್ ವೇಯಾರ್ ಎಂಬವರು ಸಿ ಭಾಷೆಯಲ್ಲಿ ಆರಂಭಿಸಿದ ಲಿಬ್‌ಎಕ್ಸ್‌ಎಂಎಲ್೨ ಎಂಬ ಭಂಡಾರವೇ ಇದಕ್ಕೆ ತಳಹದಿ. ಎರಡೂ ಮುಕ್ತ ತಂತ್ರಾಂಶಗಳು. ಅಂದರೆ, ಅವುಗಳ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಟಿಇಐಯ ಗುರುತುಗಳು ಆಂಗ್ಲಮೂಲದವು. ಎಕ್ಸ್‌ಎಂಎಲ್ ನಿಯಮದಂತೆ ಕನ್ನಡಾಕ್ಷರಗಳ ಹೆಸರುಗಳೂ ಸಾಧುವೇ ಆದುದರಿಂದ ಇಲ್ಲಿ ಸೌಕರ್ಯಾರ್ಥವಾಗಿ ಅವನ್ನೇ ಬಳಸಿದೆ. //ಪದ್ಯ/ಪಾದ ಎಂಬ ಮಾರ್ಗವು ಗ್ರಂಥದಲ್ಲಿ ಎಲ್ಲಿಯೇ ಇರಲಿ, ಪದ್ಯಗಳ ಸಮಸ್ತ ಪಾದಗಳನ್ನೂ ತರುವುದು. ಇದರ ಕೊನೆಗೆ ಚೌಕ ಕಂಸದಲ್ಲಿ ಒಂದು ಎಂಬ ಅಂಕೆಯನ್ನು ಬರೆದರೆ ಪ್ರತಿಯೊಂದು ಪದ್ಯದ ಮೊದಲನೆಯ ಪಾದವು ದೊರೆಯುವುದು. ಇಡೀ ಮಾರ್ಗವನ್ನು ದುಂಡು ಕಂಸದಲ್ಲಿಟ್ಟು ಆಮೇಲೆ ಅದೇ ಅಂಕೆಯನ್ನು ಬರೆದರೆ ಗ್ರಂಥಕ್ಕೆಲ್ಲ ಮೊದಲನೆಯದಾದ ಒಂದೇ ಪಾದವು ದೊರೆಯುವುದು. ಒಂದು ಜೊತೆ ಕಂಸದಿಂದ ಪ್ರಶ್ನೆಯ ಅರ್ಥವೇ ಬೇರೆಯಾಯಿತು!

ಈಗ ಮುಖ್ಯವಿಷಯಕ್ಕೆ ಬರೋಣ. ಯಂತ್ರದ ಉತ್ತರವು ನಮ್ಮನ್ನು ದಾರಿ ತಪ್ಪಿಸುವ ಸಂದರ್ಭಗಳಲ್ಲಿ ಮೂರನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಮೊದಲನೆಯದು ನಾಮವಲಯ. ಒಂದೇ ಹೆಸರಿನವರು ಊರಿನಲ್ಲಿ ಹಲವರಿದ್ದರೆ ಮನೆತನದ ಹೆಸರನ್ನು ಕೂಡಿಸಿ ಗುರುತಿಸುವುದುಂಟಷ್ಟೆ. ಹಾಗೆಯೇ ಎಕ್ಸ್‌ಎಂಎಲ್‌ನಲ್ಲಿಯೂ ಗುರುತುಗಳಿಗೆ ಮನೆತನವಿರಬಹುದು. ೨೦೦೭ರಲ್ಲಿ ಪ್ರಕಟವಾದ ಟಿಇಐಯ ಐದನೆಯ ನಿರೂಪಣೆಯಲ್ಲಿ ಎಲ್ಲ ಗುರುತುಗಳೂ ಒಂದು ನಾಮವಲಯಕ್ಕೆ ಸೇರಿದುವು. ಅದಕ್ಕೆ ಹಿಂದಿನ ನಿರೂಪಣೆಯಲ್ಲಿ ಹಾಗಿರಲಿಲ್ಲ. ಎಲ್‌ಎಕ್ಸ್‌ಎಂಎಲ್ ಅನುಸರಿಸುವ ಎಕ್ಸ್‌ಪಾತಿನ ಮೊದಲ ಆವೃತ್ತಿಯಲ್ಲಾದರೋ, ಬರಿಯ ‘ಪಾದ’ ಎಂದರೆ ಯಾವ ಮನೆತನಕ್ಕೂ ಸೇರದ ಪಾದವೆಂದೇ ಅರ್ಥ. ಆದುದರಿಂದ ಹಳೆಯ ನಿರೂಪಣೆಯ ಗ್ರಂಥದಲ್ಲಿ ಸಾವಿರ ಪಂಕ್ತಿಗಳನ್ನು ತಂದ ಪ್ರಶ್ನೆಯೇ ಹೊಸ ನಿರೂಪಣೆಯ ಪ್ರತಿಯಲ್ಲಿ ಬರಿದಾದ ಪಟ್ಟಿಯನ್ನು ತರುವುದು. ಯಂತ್ರವು ತಪ್ಪೆಂದು ಹೇಳುವುದಿಲ್ಲ. ಸುಮ್ಮನೆ ‘ಇಲ್ಲ’ ಎನ್ನುವುದು. ನಾಮವಲಯಕ್ಕೆ ಒಂದು ಉಪನಾಮವನ್ನು ಗೊತ್ತುಮಾಡಿ, ಅದನ್ನು ಗುರುತಿನ ಹಿಂದೆ ಸೇರಿಸಿ ಕೇಳುವುದೇ ಪರಿಹಾರ.

ಎರಡನೆಯದು ಪಾಠಾಂತರ. ಪಾದವೊಂದರಲ್ಲಿ ಒಂದು ಶಬ್ದವಿದೆಯೇ ಎಂದು ಕೇಳಿದಾಗ ಆ ಪಾದದೊಳಗಿನ ಅಕ್ಷರಗಳೆಲ್ಲವನ್ನೂ, ಒಳಗುರುತುಗಳನ್ನು ಲೆಕ್ಕಿಸದೆ, ಯಂತ್ರವು ಒಂದಾಗಿ ಜೋಡಿಸುವುದು. ಸಂಪಾದಕರು ಒಂದು ಪ್ರತಿಯ ‘ಮರ’ ಎಂಬ ಪಾಠವನ್ನೂ ಇನ್ನೊಂದು ಪ್ರತಿಯ ‘ಮಣಿ’ ಎಂಬ ಪಾಠಾಂತರವನ್ನೂ ನಡುವೆ ತೆರಪಿಲ್ಲದೆ ಗುರುತಿಸಿದ್ದಾರೆಂದು ಊಹಿಸೋಣ. ಯಂತ್ರಕ್ಕೆ ಅದು ‘ಮರಮಣಿ’ ಎಂದಾಗುವುದು. ‘ರಮಣಿ’ ಇದೆಯೇ ಎಂದರೆ ‘ಇದೆ’ ಎನ್ನುವುದು! ಯಾವ ಓಲೆಯಲ್ಲಿಯೂ ಇಲ್ಲದ ಶಬ್ದವು ಹೀಗೆ ಹುಟ್ಟಿತು. ಅಂಗೀಕೃತ ಪಾಠವನ್ನೂ ಪಾಠಾಂತರಗಳನ್ನೂ ಬೇರೆಬೇರೆಯಾಗಿಯೇ ಶೋಧಿಸಬೇಕು.

ಮೂರನೆಯದು ಅಕ್ಷರರೂಪ. ಯೂನಿಕೋಡ್ ಕ್ರಮದಲ್ಲಿ ‘ಕೊ’ ಎಂಬಲ್ಲಿನ ಒಕಾರವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಎಕಾರ ಊಕಾರಗಳ ಚಿಹ್ನೆಗಳೆರಡನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎಕ್ಸ್‌ಪಾತ್ ಸಂಕೇತಗಳನ್ನು ಮಾತ್ರ ಹೋಲಿಸುವುದರಿಂದ ಅದಕ್ಕೆ ಇವು ಬೇರೆಬೇರೆ. ಗ್ರಂಥವನ್ನೂ ಪ್ರಶ್ನೆಯನ್ನೂ ಮೊದಲು ಏಕರೂಪಕ್ಕೆ ತರದಿದ್ದರೆ ‘ಕೊಡೆ’ಯನ್ನು ಹುಡುಕಿದವನು ಬರಿಗೈಯಲ್ಲಿ ಹಿಂದಿರುಗಬಹುದು.

ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಒಂದು ಪ್ರಮಾಣವೆಂದು ಒಪ್ಪಿದರು. ಆದರೆ ಕಾಣದಿರುವುದೆಲ್ಲ ಅಭಾವವನ್ನು ಸಾಧಿಸದು. ಇದ್ದಿದ್ದರೆ ಕಾಣಲೇಬೇಕಾಗಿದ್ದುದು ಕಾಣದಿದ್ದರೆ ಮಾತ್ರ ಅಭಾವವು ಸಿದ್ಧಿಸುವುದು. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆಂದು ಹೇಳಲಾಗದು. ಯಂತ್ರಶೋಧನೆಗೂ ಇದೇ ನ್ಯಾಯ. ಗ್ರಂಥದಲ್ಲಿ ನಿಶ್ಚಯವಾಗಿ ಇರುವ ಶಬ್ದವೊಂದನ್ನು ಅದೇ ಮಾರ್ಗದಿಂದ ಮೊದಲು ಕೇಳಿ ನೋಡಬೇಕು. ಪದ್ಯಗಳ ಸಂಖ್ಯೆಯು ಮುದ್ರಿತ ಪ್ರತಿಯೊಡನೆ ಹೊಂದುವುದೇ ಎಂದು ಎಣಿಸಬೇಕು. ದೀಪವು ಉರಿಯುತ್ತಿದೆಯೆಂದು ಹೀಗೆ ತಿಳಿದ ಮೇಲೆಯೇ ‘ಇಲ್ಲ’ ಎಂಬ ಉತ್ತರಕ್ಕೆ ಪ್ರಾಮಾಣ್ಯವು ಬರುವುದು.

ಸಾಧನವು ಮುಕ್ತವಾಗಿರುವುದರ ಪ್ರಯೋಜನವೂ ಇಲ್ಲಿಯೇ ಇದೆ. ಉತ್ತರವು ಹೇಗೆ ಬಂದಿತೆಂಬುದನ್ನು ಮೂಲಲಿಪಿಯ ಮಟ್ಟಿಗೂ ಪರೀಕ್ಷಿಸಬಹುದು. ಆದುದರಿಂದ ಸಂಶೋಧಕರು ತಮ್ಮ ಲೇಖನಗಳಲ್ಲಿ ಫಲಿತಾಂಶವನ್ನು ಮಾತ್ರವಲ್ಲದೆ, ಬಳಸಿದ ಗ್ರಂಥಪ್ರತಿ, ತಂತ್ರಾಂಶದ ಆವೃತ್ತಿ, ಕೇಳಿದ ಪ್ರಶ್ನೆಯ ಮಾರ್ಗ ಇವನ್ನೂ ಕೊಡುವುದು ಉಚಿತ. ಓಲೆಯ ಪ್ರತಿಗಳ ವಿವರವನ್ನು ಪೀಠಿಕೆಯಲ್ಲಿ ಕೊಡುವ ಸಂಪಾದನಾಸಂಪ್ರದಾಯಕ್ಕೆ ಇದು ಹೊಸದಲ್ಲ. ಅದರ ಮುಂದುವರಿಕೆಯೇ ಸರಿ.