ಕೆಥೀಡ್ರಲ್ ಕಟ್ಟಿದವರಿಗೆ ಉಳಿದ ಚಾಪೆಲ್

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಂದೇ ಮಾತಿನಿಂದ ಮನುಷ್ಯನ ಮತವನ್ನು ಊಹಿಸುವುದುಂಟು. ಭಾನುವಾರ 'ಚರ್ಚಿಗೆ ಹೋಗಿದ್ದೆ' ಎಂದವನು ಪ್ರಾಟೆಸ್ಟಂಟನು. 'ಚಾಪೆಲ್‌ಗೆ ಹೋಗಿದ್ದೆ' ಎಂದವನು ಕ್ಯಾಥೊಲಿಕನು. ಚಾಪೆಲ್ ಎಂದರೆ ಚಿಕ್ಕ ಪ್ರಾರ್ಥನಾಮಂದಿರ. ಆದರೆ ಅಲ್ಲಿ ಎಷ್ಟು ದೊಡ್ಡ ಕ್ಯಾಥೊಲಿಕ್ ಇಗರ್ಜಿಗೂ ಜನರ ಬಾಯಲ್ಲಿ ಅದೇ ಹೆಸರು. ಅದೇ ಊರಿನಲ್ಲಿ, ಕ್ಯಾಥೊಲಿಕರೇ ಕಟ್ಟಿದ ಭವ್ಯವಾದ ಕೆಥೀಡ್ರಲ್ ಒಂದು ಇಂದಿಗೂ ನಿಂತಿದೆ! ಕಟ್ಟಿದವರಿಗೆ ಈ ಕಿರುಹೆಸರು ಉಳಿದ ಬಗೆ ಹೇಗೆ?

ಆರನೆಯ ಶತಮಾನದ ಸಂತ ಮುಂಗೋ ಗ್ಲಾಸ್ಗೋ ನಗರದ ರಕ್ಷಕ. ಸಾಧುವೊಬ್ಬನ ಶವವನ್ನು ಗಾಡಿಯಲ್ಲಿರಿಸಿ, ಪಳಗದ ಎರಡು ಹೋರಿಗಳನ್ನು ಹೂಡಿ, ದೇವರು ನಡೆಸಿದತ್ತ ಹೋಗಲೆಂದು ಬಿಟ್ಟನಂತೆ. ಅವು ನಿಂತಲ್ಲಿ ಇಗರ್ಜಿ ಎದ್ದಿತೆಂಬುದು ಐತಿಹ್ಯ. ಆ ಸ್ಥಳದಲ್ಲಿ 1136ರಲ್ಲಿ, ದೊರೆ ಒಂದನೆಯ ಡೇವಿಡ್ಡನ ಸಮ್ಮುಖದಲ್ಲಿ, ಕಲ್ಲಿನ ಕೆಥೀಡ್ರಲ್ ಪ್ರತಿಷ್ಠೆಗೊಂಡಿತು. ಈಗ ಕಾಣುವ ಕಟ್ಟಡದ ಮುಖ್ಯಭಾಗ ಹದಿಮೂರನೆಯ ಶತಮಾನದ್ದು. ನೆಲ ಇಳಿಜಾರಾದುದರಿಂದ ಶಿಲ್ಪಿಗಳು ಒಂದರ ಮೇಲೊಂದು ಎರಡು ಮಂದಿರಗಳನ್ನೇ ನಿರ್ಮಿಸಿದರು. ಕೆಳಗೆ ಕಂಬಗಳ ಕಾಡಿನ ನಡುವೆ ಮುಂಗೋವಿನ ಸಮಾಧಿ. ಮೇಲೆ ಎತ್ತರದ ಕಮಾನುಗಳ ಗಾಯನಶಾಲೆ. ಯಾತ್ರಿಕರು ಬಂದರು, ಊರು ಬೆಳೆಯಿತು. 1451ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ಮೊದಲ ಪಾಠಗಳು ಈ ಆವರಣದಲ್ಲಿಯೇ ನಡೆದುವು.

1560ರಲ್ಲಿ ಕಾಲಚಕ್ರ ತಿರುಗಿತು. ಸ್ಕಾಟ್ಲೆಂಡಿನ ಪಾರ್ಲಿಮೆಂಟು ಪೋಪರ ಅಧಿಕಾರವನ್ನು ತೊಡೆದುಹಾಕಿ ಬಲಿಪೂಜೆಯನ್ನು ನಿಷೇಧಿಸಿತು. ಮೂರನೆಯ ಸಲ ಸಿಕ್ಕಿಬಿದ್ದವನಿಗೆ ಮರಣದಂಡನೆ! ಆರ್ಚ್‌ಬಿಷಪ್ ಜೇಮ್ಸ್ ಬೀಟನ್ ಕೆಥೀಡ್ರಲಿನ ದಾಖಲೆಗಳೊಡನೆ, ಪೂಜಾನಿಧಿಗಳೊಡನೆ ಪ್ಯಾರಿಸ್ಸಿಗೆ ತೆರಳಿದನು.

ಗೋಡೆಗಳ ಗತಿ? 1579ರಲ್ಲಿ ಅವನ್ನು ಕೆಡವಿ, ಆ ಕಲ್ಲುಗಳಿಂದ ಸಣ್ಣ ಚರ್ಚುಗಳನ್ನು ಕಟ್ಟಲು ಹೊರಟರೆಂದೂ, ತಮಟೆಯ ಸದ್ದು ಕೇಳಿದೊಡನೆ ಊರಿನ ಕುಶಲಕರ್ಮಿಗಳು ಒಟ್ಟುಗೂಡಿ, ಮೊದಲ ಕಲ್ಲು ಕೀಳುವವನನ್ನು ಅದರಡಿಯಲ್ಲಿಯೇ ಹೂಳುವೆವೆಂದು ಗರ್ಜಿಸಿದರೆಂದೂ ಪ್ರತೀತಿಯುಂಟು. ಮತ ಬದಲಾದರೂ ಊರಿನ ಹೆಮ್ಮೆ ಬದಲಾಗಿರಲಿಲ್ಲ. ಕಟ್ಟಡ ಉಳಿಯಿತು. ಪ್ರಾಟೆಸ್ಟಂಟರ ಮೂರು ಸಭೆಗಳು ಅದನ್ನು ಹಂಚಿಕೊಂಡು, ಒಂದು ಸಭೆ ನೆಲಮಾಳಿಗೆಯ ಕಂಬಗಳ ನಡುವೆಯೇ ಆರಾಧನೆ ನಡೆಸಿತು.

ಕ್ಯಾಥೊಲಿಕರಾದರೋ ಬಾಗಿಲು ಮುಚ್ಚಿದ ಮನೆಗಳಲ್ಲಿ ಅಡಗಿ ಪೂಜಿಸಬೇಕಾಯಿತು. ಗುಟ್ಟಾಗಿ ಬಂದ ಜೆಸುಯಿಟ್ ಪಾದ್ರಿ ಜಾನ್ ಓಗಿಲ್ವಿಯನ್ನು 1615ರಲ್ಲಿ ಗ್ಲಾಸ್ಗೋದಲ್ಲಿ ಗಲ್ಲಿಗೇರಿಸಿದರು. ಅವನಿಗೆ ಸಂತಪದವಿ ದೊರೆತುದು 1976ರಲ್ಲಿ.

1793ರಲ್ಲಿ ಕಾನೂನು ಕೊಂಚ ಸಡಿಲಗೊಂಡಿತು. ಗಿರಣಿಗಳ ಕೂಲಿಗಾಗಿ ಹೈಲ್ಯಾಂಡಿನಿಂದಲೂ ಐರ್ಲೆಂಡಿನಿಂದಲೂ ಬಡ ಕ್ಯಾಥೊಲಿಕರು ಬಂದು ನೆಲೆಸಿದರು. ಅವರಿಗಾಗಿ ಕ್ಲೈಡ್ ನದಿಯ ದಡದಲ್ಲಿ 1814ರಲ್ಲಿ ಸಂತ ಆಂಡ್ರೂವಿನ ಚಾಪೆಲ್‌ನ ಕೆಲಸ ಆರಂಭವಾಯಿತು. ಹಗಲು ಕಟ್ಟಿದುದನ್ನು ವಿರೋಧಿಗಳು ರಾತ್ರಿ ಕೆಡವತೊಡಗಲು ಕಾವಲಿಡಬೇಕಾಯಿತು. ಆದರೂ ಕೆಲಸ ಮುಗಿಸಲು ಅನ್ಯಪಂಥದ ಕ್ರೈಸ್ತರೂ ಹಣ ಕೊಟ್ಟರೆಂಬುದು ನೆನೆಯಬೇಕಾದ ಮಾತು. 1816ರಲ್ಲಿ ಬಾಗಿಲು ತೆರೆದ ಆ ಮಂದಿರಕ್ಕೆ ಗಂಟೆಗೋಪುರವಿಲ್ಲ. ಆದರೆ ಅದರ ಗಾಥಿಕ್ ಶೈಲಿ ಕಳೆದುಹೋದ ಹಳೆಯ ಮನೆಯನ್ನು ನೆನಪಿಗೆ ತರುತ್ತದೆ.

ಕೆಥೀಡ್ರಲ್ ಎಂದರೆ ಬಿಷಪ್ಪನ ಪೀಠವಿರುವ ಇಗರ್ಜಿ. 1878ರಲ್ಲಿ ಸ್ಕಾಟ್ಲೆಂಡಿನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಪೀಠಗಳು ಪುನಃ ಸ್ಥಾಪಿತವಾದುವು. ಮುಂದೆ ನದಿಯ ದಡದ ಚಾಪೆಲ್ಲೇ ಆರ್ಚ್‌ಬಿಷಪ್ಪನ ಕೆಥೀಡ್ರಲ್ ಆಯಿತು. ಹಳೆಯ ಕೆಥೀಡ್ರಲಿನಲ್ಲಿ ಆರಾಧಿಸುವ ಚರ್ಚ್ ಆಫ್ ಸ್ಕಾಟ್ಲೆಂಡಿಗಾದರೋ ಬಿಷಪ್ಪರೇ ಇಲ್ಲ. ಆದರೂ ಅದರ ಹೆಸರು ಹೋಗಲಿಲ್ಲ. ಇತ್ತ ಕ್ಯಾಥೊಲಿಕರ ಬಾಯಿಂದ 'ಚಾಪೆಲ್' ಎಂಬ ಮಾತೂ ಹೋಗಲಿಲ್ಲ. ಅಡಗಿ ಪೂಜಿಸಿದ ದಿನಗಳ ನೆನಪು ಆ ಪುಟ್ಟ ಶಬ್ದದಲ್ಲಿ ಮನೆಮಾಡಿಕೊಂಡಿದೆ. ಕಂಬಗಳ ಕಾಡಿನಲ್ಲಿ ಮಲಗಿರುವ ಮುಂಗೋ ಮಾತ್ರ ಉಭಯರಿಗೂ ಸಂತನೇ.